ಕೆಂಪು ಕಾಣದ ಫಿಲ್ಮು

ನಮ್ಮ ಯಜಮಾನರು ರಾಜೇಂದ್ರ, ಸಾಗರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಊರೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆಯುವಾಗ ಇವರಿಗೆ ಮಾತ್ರ ರೀಲು ಹಾಕುವ ಕ್ಯಾಮರಾದ ಹುಚ್ಚು. ಈ ಸಲ ಅಗ್ಗದ ಕಪ್ಪು-ಬಿಳುಪು ಫಿಲ್ಮು ತರಿಸಿದ್ದರು. ಹಿಂದೆ ರಸ್ತೆಯ ವಾಹನಗಳ ಮೇಲೆ ಕಣ್ಣಿಡುವ ಕ್ಯಾಮರಾಗಳಿಗೆಂದೇ ಮಾಡಿದ ಫಿಲ್ಮಂತೆ ಅದು. ಉಳಿದದ್ದನ್ನು ಕತ್ತರಿಸಿ ಹಳೇ ಡಬ್ಬಿಗೆ ಸುತ್ತಿ ಮಾರುತ್ತಾರೆ. "ಪೇಟೆ ಬೀದಿಗೆ ಇಷ್ಟು ಸಾಕು ಕಣೇ" ಎಂದು ಸಂತೆಯ ದಿನ ನನ್ನನ್ನೂ ಎಳೆದುಕೊಂಡು ಹೊರಟರು.

ಹೂ ಮಾರುವ ಕೆರಿಯಮ್ಮ ನಮಗೆ ಹಳೇ ಪರಿಚಯ. ಬ್ಯಾಕೋಡು ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವಳು. ಕ್ಯಾಮರಾ ಕಂಡದ್ದೇ ತಡ, ಡಬ್ಬಿ ತೆಗೆದು ಹಣೆಗೆ ಅಗಲವಾಗಿ ಕುಂಕುಮ ಇಟ್ಟುಕೊಂಡಳು.

"ಚೆನಾಗ್ ತೆಗೀರಿ ಮೇಷ್ಟ್ರೇ. ನಮ್ಮನೆಯೋರು ಹಾಸಿಗೆ ಹಿಡ್ದಾರೆ. ನಾ ಪೇಟೇಲಿ ಹೆಂಗ್ ಕೂತಿರ್ತೀನಿ ಅಂತ ಒಂದ್ಸಲ ನೋಡ್ಬೇಕಂತೆ ಅವ್ರಿಗೆ."

ನಾನು ಮೊಬೈಲು ಎತ್ತಿದೆ. "ಅದೆಂಥಕ್ಕೆ? ನಂದು ಬರ್ಲಿ, ನೋಡು" ಎಂದರು ಇವರು. ನಾನೂ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡೆ.

ಫಿಲ್ಮನ್ನು ನಮ್ಮ ಬಚ್ಚಲುಮನೆಯಲ್ಲೇ ತೊಳೆದು, ಪ್ರಿಂಟ್ ಹಾಕಿಸಿ ತಂದರು. ಚಿತ್ರ ಚೆನ್ನಾಗಿಯೇ ಬಂದಿತ್ತು. ಸೇವಂತಿಗೆಯ ಎಸಳು, ಕೆರಿಯಮ್ಮನ ನಗು, ಕೆನ್ನೆಯ ಸುಕ್ಕು ಎಲ್ಲ ಇದ್ದವು. ಹಣೆ ಮಾತ್ರ ಬೋಳು. ಆ ಫಿಲ್ಮಿಗೆ ಕೆಂಪೆಲ್ಲ ಬೆಳ್ಳಗೆ ಕಾಣುತ್ತದಂತೆ. ಕುಂಕುಮ ಚರ್ಮದಲ್ಲಿ ಕರಗಿಹೋಗಿತ್ತು.

"ರೀ, ಇದನ್ನ ಹಿಂಗೇ ಕೊಡ್ಬೇಡಿ. ಹಳೇ ಸ್ಟುಡಿಯೋದೋರ ಹಂಗೆ ಬ್ರಷ್ಷಲ್ಲಿ ಒಂದು ಬೊಟ್ಟು ಇಡಿ."

"ತಿದ್ದಿದ್ರೆ ಅದು ಬೀದಿ ಫೋಟೋನೇ ಅಲ್ಲ."

ದಿನವೂ ಮಕ್ಕಳ ಚಿತ್ರ ತಿದ್ದುವ ಮನುಷ್ಯನ ಮಾತು ಇದು! ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಸಂತೆಯ ದಿನ ತಿದ್ದದೆ ಹಾಗೇ ಕೊಟ್ಟರು. ಕೆರಿಯಮ್ಮ ಫೋಟೋ ಹಿಡಿದು ನೋಡಿದಳು. ಹಣೆ ಮುಟ್ಟಿಕೊಂಡಳು, ಬೆರಳು ನೋಡಿಕೊಂಡಳು. ಬೆರಳಿಗೆ ಕುಂಕುಮ ಹತ್ತಿತ್ತು. ಇವರು ಬೆಳಕು, ಬಣ್ಣ ಎಂದು ಪಾಠವನ್ನೇ ಶುರುಮಾಡಿದರು. "ಇರ್ಲಿ ಬಿಡಿ, ಚೆನಾಗದೆ" ಎಂದು ಅದನ್ನು ಬುಟ್ಟಿಯ ಬಾಳೆಎಲೆಯ ಅಡಿಗೆ ಸೇರಿಸಿಬಿಟ್ಟಳು.

ಆಮೇಲೆ ಕೆಲವು ವಾರ ಅವಳ ಜಾಗ ಖಾಲಿಯಿತ್ತು. ಗಂಡ ತೀರಿಕೊಂಡನೆಂದು ಪಕ್ಕದ ತರಕಾರಿಯವಳು ಹೇಳಿದಳು. ಫಿಲ್ಮಿನಿಂದ ಯಾರೂ ಸಾಯುವುದಿಲ್ಲ, ಅದು ನನಗೂ ಗೊತ್ತು. ಆದರೂ ಅವತ್ತು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯದೆ ಬಂದೆನಲ್ಲ, ಆ ಸಂಕಟ ಇವತ್ತಿಗೂ ಹೋಗಿಲ್ಲ.

ಅವಳು ಮತ್ತೆ ಬಂದು ಕೂತ ದಿನ ಇಬ್ಬರೂ ಹೋದೆವು. ಇವರ ಹೆಗಲಲ್ಲಿ ಕ್ಯಾಮರಾ ಇತ್ತು. ಏನು ಮಾತಾಡಬೇಕೋ ತೋಚದೆ, "ಫೋಟೋ ನೋಡಿದ್ರಾ ಅವ್ರು?" ಎಂದು ಕೇಳಿಬಿಟ್ಟರು.

"ಕಡೇತನ್ಕ ಕೇಳ್ತಿದ್ರು. ಇನ್ನೂ ಬಂದಿಲ್ಲ ಅಂದೆ. ಅದನ್ನ ಅವ್ರಿಗೆ ಹೆಂಗ್ ತೋರ್ಸ್ಲಿ ಹೇಳಿ?"

ಇವರು ತಲೆ ತಗ್ಗಿಸಿದರು. ಕೆರಿಯಮ್ಮ ನನಗೆಂದು ಹೂ ಅಳೆಯುತ್ತ, ಬೋಳು ಹಣೆಯನ್ನೆತ್ತಿ ಇವರನ್ನು ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಈಗ ತೆಗೀರಿ ಮೇಷ್ಟ್ರೇ. ಈಗ ಹೆಂಗಿದೀನೋ ಹಂಗೇ ಬರ್ತದೆ."