ದಕ್ಷಿಣಕ್ಕೆ ಉಕ್ಕಿದ ಹಾಲು

ನಾನು ಒಂದು ತಗಡಿನ ಬೋರ್ಡು. ಹುಟ್ಟಿದ್ದು ಎಣ್ಣೆ ಡಬ್ಬದಿಂದ. ತುಮಕೂರಿನ ಒಬ್ಬ ಪೇಂಟರು ಆ ಡಬ್ಬ ಕತ್ತರಿಸಿ, ತಟ್ಟಿ ಚಪ್ಪಟೆ ಮಾಡಿ, ಬಿಳಿ ಬಣ್ಣ ಬಳಿದು, ಕೆಂಪಕ್ಷರದಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂದು ಬರೆದ. ಅಕ್ಷರ ಮುದ್ದಾಗಿತ್ತು. ಬರೆದದ್ದು ಮಾತ್ರ ಶುದ್ಧ ಸುಳ್ಳು ಎಂದು ಆಮೇಲೆ ತಿಳಿಯಿತು.

ನನ್ನನ್ನು ಕೊಂಡವರು ಊರಾಚೆಯ ಹೊಸ ಬಡಾವಣೆಯ ದಾಕ್ಷಾಯಣಮ್ಮ ಮತ್ತು ಅವರ ಗಂಡ, ನಿವೃತ್ತ ಹೆಡ್‌ಮಾಸ್ಟರ್ ರಾಜಶೇಖರಯ್ಯ. ತಾವು ಮಹಡಿಯಲ್ಲಿದ್ದುಕೊಂಡು, ಕೆಳಗಿನ ಮನೆಯ ಅಡುಗೆಮನೆ ಕಿಟಕಿಗೆ ನನ್ನನ್ನು ತಂತಿಯಿಂದ ಬಿಗಿದರು. ಅಲ್ಲಿಂದ ಬೀದಿಯೂ ಕಾಣುತ್ತಿತ್ತು, ಒಲೆಕಟ್ಟೆಯೂ ಕಾಣುತ್ತಿತ್ತು, ಈ ಮಹನೀಯರ ದೊಡ್ಡತನವೂ ಕಾಣುತ್ತಿತ್ತು. ವಕೀಲರಿಗೆ ಕೊಟ್ಟರೆ ಖಾಲಿ ಮಾಡುವುದಿಲ್ಲವಂತೆ. ಮದುವೆಯಾಗದವರಿಂದ ಮರ್ಯಾದೆ ಹೋಗುತ್ತದಂತೆ. ಮಕ್ಕಳಿದ್ದರೆ ಗೋಡೆ ಹಾಳಂತೆ. ಇದೆಲ್ಲ ದಾಟಿದವರಿಗೆ, “ನೀವು ಯಾವ ಜನ?” ಎಂಬ ಕೊನೆಯ ಪ್ರಶ್ನೆ. ಇವರ ಕಿಟಕಿಯಲ್ಲಿ ನೇತಾಡುವುದಕ್ಕಿಂತ ಡಬ್ಬವಾಗಿಯೇ ತುಕ್ಕು ಹಿಡಿದಿದ್ದರೆ ಚೆನ್ನಾಗಿತ್ತು.

ವೇದಾವತಿ ಬಂದದ್ದು ಜ್ಯೇಷ್ಠದ ಕೊನೆಯಲ್ಲಿ. ಬಸ್ ಕಂಡಕ್ಟರ್. ಜೊತೆಗೆ ಮಂಡಿ ನೋವಿನ ತಾಯಿ. ಇದ್ದ ಮನೆಯನ್ನು ಅದರ ಮಾಲೀಕ ಕೆಡವಿಸುತ್ತಿದ್ದ. ಡಿಪೋಗೆ ಹತ್ತಿರವಿದ್ದು, ಡ್ಯೂಟಿ ನಡುವೆ ಬಂದು ತಾಯಿಗೆ ಊಟ ಕೊಡಲು ಆಗುವಂಥ, ಅವಳ ಸಂಬಳಕ್ಕೆ ಎಟುಕುವ ಮನೆ ಇದೊಂದೇ. ಮದುವೆಯಾಗಿರದಿದ್ದರೂ ತಾಯಿ ಜೊತೆಗಿದ್ದುದರಿಂದ ಎಲ್ಲ ಪ್ರಶ್ನೆಗಳಲ್ಲೂ ಅವಳು ಪಾಸಾದಳು.

“ಆಷಾಢದಲ್ಲಿ ಮನೆ ತುಂಬಬಾರ್ದು ಕಣಮ್ಮ,” ಎಂದರು ದಾಕ್ಷಾಯಣಮ್ಮ. “ಸೋಮವಾರವೇ ಹಾಲು ಉಕ್ಕಿಸ್ಬಿಡು. ಆಮೇಲೆ ಸಾಮಾನು ಯಾವಾಗಾದ್ರೂ ತಗೊಂಬಾ.”

ಅವಳು ಹಾಲು ಉಕ್ಕಿಸಿದಳು. ಅದು ದಕ್ಷಿಣಕ್ಕೆ ಹರಿಯಿತು. ಹರಿಯದೆ ಏನು? ಹೆಡ್‌ಮಾಸ್ಟರು ಸಿಮೆಂಟು ಉಳಿಸಿ ಕಟ್ಟಿಸಿದ ಕಟ್ಟೆ ಆ ಕಡೆಗೇ ವಾಲಿದೆ. ಆಗ ಯಾರೂ ತುಟಿ ಬಿಚ್ಚಲಿಲ್ಲ. ದಾಕ್ಷಾಯಣಮ್ಮ ಪಾಯಸ ಕುಡಿದು ಒಳ್ಳೆಯದಾಗಲಿ ಎಂದು ಹರಸಿದರು. ನನ್ನನ್ನು ಮಾತ್ರ ಬಿಚ್ಚಲಿಲ್ಲ. ಮಳೆಯ ಎರಚಲು ತಡೆಯುತ್ತೇನಂತೆ!

ಎರಡು ದಿನ ಕಳೆಯುವಷ್ಟರಲ್ಲಿ ಟೈಲ್ಸ್ ವ್ಯಾಪಾರಿಯೊಬ್ಬ ಬಂದು ಹೆಚ್ಚು ಬಾಡಿಗೆ ಕೊಡುತ್ತೇನೆ ಎಂದ. ಯಾವ ಜನ ಎಂದು ಕೇಳಲೂ ಮರೆತರು. ಅವನ ಹೆಂಡತಿಯೂ ಹಾಲು ಉಕ್ಕಿಸಿದಳು. ಅದೂ ದಕ್ಷಿಣಕ್ಕೇ ಹರಿಯಿತು. ದಾಕ್ಷಾಯಣಮ್ಮ ಮಸಿಬಟ್ಟೆಯಿಂದ ಸರಕ್ಕನೆ ಒರೆಸಿ, “ಪೂರ್ವಕ್ಕೇ ಉಕ್ತು!” ಎಂದರು. ಛೀ! ಆ ಮುಖ ನೋಡಿ ನನಗೆ ಹೇಸಿಗೆಯಾಯಿತು.

ಮಾರನೆಯ ವಾರ ವೇದಾವತಿಯ ಸಾಮಾನು ಹೊತ್ತ ಲಗೇಜ್ ಆಟೋ ಬಂತು. ಮುಂದಿನ ಸೀಟಿನಲ್ಲಿ ದೇವರ ಪಟ ಮಡಿಲಲ್ಲಿಟ್ಟುಕೊಂಡ ತಾಯಿ.

“ಮನೆ ಬೇರೆಯವರಿಗೆ ಆಯ್ತಲ್ಲಮ್ಮ,” ಎಂದರು ದಾಕ್ಷಾಯಣಮ್ಮ.

“ಹಾಲು ಉಕ್ಕಿಸಿದೀನಲ್ಲಮ್ಮ?”

“ಅದೇ ತೊಂದ್ರೆ ಆಗಿದ್ದು. ನೀನು ಉಕ್ಕಿಸಿದ್ದು ದಕ್ಷಿಣಕ್ಕೆ ಹೋಯ್ತು, ಯಮನ ದಿಕ್ಕು. ನಮಗೇನಿಲ್ಲ, ನಿಮ್ಮಮ್ಮನಿಗೇ ಒಳ್ಳೇದಲ್ಲ.”

“ಹಳೇ ಮನೆ ಬೀಗ ಕೊಟ್ಟು ಬಂದಿದೀನಿ ಸಾರ್. ಈಗ ಎಲ್ಲಿಗೆ ಹೋಗ್ಲಿ?”

“ಆಷಾಢ ಬೇರೆ,” ಎಂದು ಹೆಡ್‌ಮಾಸ್ಟರು ಲೊಚಗುಟ್ಟಿದರು.

ವೇದಾವತಿ ಕಿಟಕಿಗೆ ಬಂದು ನನ್ನ ತಂತಿ ಬಿಚ್ಚಿ, ಆಟೋದೊಳಕ್ಕೆ ಎಸೆದಳು. ಅಷ್ಟು ಗೌರವದಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಈಗ ನಾನು ರಿಂಗ್ ರೋಡಿನ ಆಚೆಯ ಶೀಟಿನ ಮನೆಯೊಂದರ ಚಾವಣಿಯ ತೂತು ಮುಚ್ಚಿಕೊಂಡು ಮುದಿಯಾಗುತ್ತಿದ್ದೇನೆ. ಡಿಪೋ ಬಹಳ ದೂರ. ತಾಯಿ ಬೆಳಗಿನ ತಣ್ಣನೆಯ ಅನ್ನ ಉಂಡು ದಿನವಿಡೀ ಒಬ್ಬರೇ ಕೂತಿರುತ್ತಾರೆ. ಕೆಲಸ ಮುಗಿಸಿ ಬಂದ ಮಗಳನ್ನು, “ಹತ್ರದಲ್ಲಿ ಎಲ್ಲಾದ್ರೂ ಸಿಕ್ತೇನವ್ವ?” ಎಂದು ಕೇಳುತ್ತಾರೆ. ವೇದಾವತಿ ಕಾಫಿಗೆ ಹಾಲಿಟ್ಟು, ಕಣ್ಣು ಕೀಳದೆ ನೋಡುತ್ತ ನಿಲ್ಲುತ್ತಾಳೆ. ಉಕ್ಕುವ ಮೊದಲೇ ಇಳಿಸುತ್ತಾಳೆ. ಯಾವ ದಿಕ್ಕಿಗೂ ಚೆಲ್ಲುವಷ್ಟು ಹಾಲು ಈ ಮನೆಯಲ್ಲಿಲ್ಲ.