ಕುಷ್ಟಗಿ ಗೋಡೌನ್ ಅಲ್ಲ

೧

ತೆರಿಗೆಯಿಂದ ಕಥೆ ಶುರು ಮಾಡಬಹುದೇ? ಮಾಡಿದರೆ ಮೂರನೇ ಸಾಲಿನ ತನಕ ನೀವು ಇರುತ್ತೀರಾ? ಮೊದಲ ಡ್ರಾಫ್ಟಿನಲ್ಲಿ ಕೊಪ್ಪಳದ ಕೋಟೆಯ ಹಿಂದೆ ಸೂರ್ಯನನ್ನು ಮುಳುಗಿಸಿದ್ದೆ. ಹರಿದು ಹಾಕಿದೆ. ಈ ಕಥೆಯಲ್ಲಿ ಸೂರ್ಯನನ್ನು ನೋಡಲು ಯಾರಿಗೂ ಪುರುಸೊತ್ತಿಲ್ಲ. ೨೦೧೭ರ ಜುಲೈ, ಜಿಎಸ್‌ಟಿ ಈಗಷ್ಟೇ ಬಂದಿದೆ.

೨

ಗಂಗಾವತಿಯಲ್ಲಿ ಪಕ್ಕೀರವ್ವನ ಪಾತ್ರೆ ಅಂಗಡಿ. ಕುಷ್ಟಗಿಯ ಶಾಖೆ ಮಗಳು ಅಮೃತಾಳ ಕೈಯಲ್ಲಿ, ಯಲಬುರ್ಗಾದ್ದು ಮಗ ಯಂಕೇಶನ ಕೈಯಲ್ಲಿ. ಹೆಸರು, ಜಿಎಸ್‌ಟಿ ನಂಬರು ಮಾತ್ರ ಮೂರಕ್ಕೂ ತಾಯಿಯವೇ. ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಡಲು ಕೊಪ್ಪಳದಿಂದ ಮುಬಾಶಿರಾ ಲ್ಯಾಪ್‌ಟಾಪ್ ಹಿಡಿದು ಬಂದಿದ್ದಾಳೆ. ಅಮೃತಾ ಬೆಳಗಿನ ಬಸ್ಸಿಗೇ ಬಂದು ಕೂತಿದ್ದಾಳೆ. ಯಂಕೇಶ ಫೋನಿನಲ್ಲಿದ್ದಾನೆ, ಸ್ಪೀಕರ್ ಆನ್. ನಾನು ಕಥೆಗಾರ, ನನಗೊಂದು ಸ್ಟೂಲು ಕೊಟ್ಟಿದ್ದಾರೆ.

“ಮೇಡಮ್ಮಾರ, ಯಲಬುರ್ಗಾ ಸಣ್ಣ ಊರೈತ್ರಿ. ಟ್ಯಾಕ್ಸ್ ಕಮ್ಮಿ ಹಾಕ್ರಿ,” ಎಂದ ಯಂಕೇಶ.

“ಟ್ಯಾಕ್ಸಿಗೆ ಊರು ಗೊತ್ತಾಗಂಗಿಲ್ರಿ ಅಣ್ಣಾರ,” ಎಂದಳು ಮುಬಾಶಿರಾ. “ಕೊಡಕ್ಕೊಂದು ರೇಟು, ಮಿಕ್ಸರಿಗೊಂದು ರೇಟು. ಕೊಪ್ಪಳದಾಗ ಮಾರಿದ್ರೂ ಅಷ್ಟ, ಯಲಬುರ್ಗಾದಾಗ ಮಾರಿದ್ರೂ ಅಷ್ಟ.”

(ಇದನ್ನು ವಿವರಿಸಲು ನಾನು ಮೂರು ಪುಟ ಬರೆದಿದ್ದೆ. ಅವೂ ಹೋದವು.)

೨, ಮತ್ತೊಮ್ಮೆ

ಈ ಮನೆಯ ಪದ್ಧತಿಯೊಂದನ್ನು ಹೇಳದೆ ಮುಂದೆ ಹೋಗಲಾರೆ. ಕುಷ್ಟಗಿಗೆ ಮದುವೆ ಗಿರಾಕಿ ಬಂದು ಹಂಡೆ ಸಾಲದೇ ಹೋದರೆ, ಗಂಗಾವತಿಯಿಂದ ಬಸ್ಸಿನ ಮೇಲೆ ಹಂಡೆ ಹೋಗುತ್ತದೆ. ಹಂಡೆಯೊಳಗೆ ಬಿಲ್ಲು ಇರುತ್ತದೆ. ಹೆತ್ತ ಮಗಳಿಗೂ ಬಿಲ್ಲು, ತಿಂಗಳ ಕೊನೆಗೆ ವಸೂಲಿ. ಪಕ್ಕೀರವ್ವನ ಈ ಶಿಸ್ತನ್ನು ಪೇಟೆಯೇ ಹೊಗಳುತ್ತದೆ. ಸಾಫ್ಟ್‌ವೇರ್ ಹೊಗಳಲಿಲ್ಲ.

“ಇದೇನ್ರಿ ಅಮ್ಮಾರ? ನಿಮಗ ನೀವ ಮಾರ್ಕೊಂಡು, ನೀವ ಟ್ಯಾಕ್ಸ್ ಕಟ್ಕೊಂಡಂಗಾತು,” ಎಂದಳು ಮುಬಾಶಿರಾ. “ಒಂದ ನಂಬರಿನ ಅಂಗಡಿಗೋಳ ನಡುವ ಬಿಲ್ ಬರಂಗಿಲ್ಲ. ಮಾಲ್ ಕಳಿಸಿದ್ದಕ್ಕ ಒಂದು ಚೀಟಿ ಸಾಕು. ಕುಷ್ಟಗಿ, ಯಲಬುರ್ಗಾ ಎರಡನ್ನೂ ಇದರಾಗ ಗೋಡೌನ್ ಅಂತ ಹಾಕ್ತೀನಿ.”

“ಏನಂತ?” ಎಂದಳು ಅಮೃತಾ.

“ಗೋಡೌನ್.”

ಓದುಗರೇ, ಕಥೆ ಇಲ್ಲಿಂದ ಶುರುವಾಗಬೇಕಿತ್ತು. ನಾನು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡೆ.

೩

“ನಾ ಗೋಡೌನ್ ಏನ ಯವ್ವಾ?” ಅಮೃತಾ ಎದ್ದು ನಿಂತಳು. ಸಿಟ್ಟಿರಲಿಲ್ಲ, ಮುಖ ಬೆಳಗುತ್ತಿತ್ತು. “ಗಿರಾಕಿ ನನ್ನ ಮುಖಾ ನೋಡಿ ಬರ್ತಾರ. ಕುಷ್ಟಗಿ ಅಂಗಡಿ ನನ್ನ ಹೆಸರಿಗೆ ಬೇಕು. ನನ್ನದ ನಂಬರ್ ಮಾಡಿಸ್ತೀನಿ.”

“ಕುಂದ್ರು,” ಎಂದಳು ಪಕ್ಕೀರವ್ವ. “ಒಂದ ಮನಿ, ಒಂದ ನಂಬರು.”

“ಒಂದ ಮನಿ ಅಂದಮ್ಯಾಲ ನನಗ ಬಿಲ್ ಯಾಕ ಹರದಿ? ಬಿಲ್ ಹರಿಯೂದು ಬ್ಯಾರೆದವರಿಗೆ. ಇಷ್ಟು ವರ್ಷ ನನ್ನ ಬ್ಯಾರೆ ಇಟ್ಟಾಕಿ ನೀನ. ಈ ಲ್ಯಾಪ್‌ಟಾಪ್ ಡಬ್ಬಿ ಬರೇ ಅದನ್ನ ಓದಿ ಹೇಳ್ತು.”

(ಈ ಮಾತು ನನ್ನದಲ್ಲ. ನನ್ನ ಡ್ರಾಫ್ಟಿನಲ್ಲಿ ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. “ನಾ ಏನ್ ಸೀರಿಯಲ್‌ನ್ಯಾಕಿ ಏನ್ರಿ ಸರ್ರ?” ಎಂದು ಕೇಳಿ ಅಳಿಸಿ ಹಾಕಿಸಿದಳು.)

ಫೋನಿನಿಂದ ಯಂಕೇಶನ ದನಿ ಬಂತು.

“ಯವ್ವಾ, ಬ್ಯಾರೆ ನಂಬರ್ ಮಾಡಿದ್ರ ನನ್ನ ಲೆಕ್ಕ ನಾನ ನೋಡ್ಕೋಬೇಕಾಕ್ಕೈತೇನು? ನಂದು ಗೋಡೌನ್ ಅಂತನ ಇಡು. ನನಗೇನು ಬೇಜಾರಿಲ್ಲ.”

ಪಕ್ಕೀರವ್ವ ಫೋನನ್ನು ನೋಡಿದಳು. ಆಮೇಲೆ, ಇನ್ನೂ ನಿಂತೇ ಇದ್ದ ಮಗಳನ್ನು ನೋಡಿದಳು.

೪

ಅಂತ್ಯ ಒಂದು: ತಾಯಿ ಮಗಳನ್ನು ತಬ್ಬಿಕೊಂಡಳು. ಬರೆದು ತೋರಿಸಿದೆ. “ಅಂಗಡ್ಯಾಗ ಗಿರಾಕಿ ನಿಂತಾಗ ಯಾರರ ತಬ್ಕೊಂತಾರೇನು?” ಎಂದಳು ಪಕ್ಕೀರವ್ವ.

ಅಂತ್ಯ ಎರಡು: ಮಗಳು ಮುನಿಸಿಕೊಂಡು ಕುಷ್ಟಗಿ ಬಸ್ಸು ಹತ್ತಿದಳು. “ಮಾತು ಅರ್ಧಕ್ಕ ಬಿಟ್ಟು ಹೋಗಾಕ ನನಗ ಹುಚ್ಚೇನ್ರಿ?” ಎಂದಳು ಅಮೃತಾ.

ಅಂತ್ಯ ಮೂರು: ಅರ್ಧ ಪಾಲು, ರಾಜಿ. ಇದನ್ನು ತಡೆದದ್ದು ಮುಬಾಶಿರಾ: “ಅರ್ಧ ಮಾಲಕಿ ಅನ್ನೂ ಆಪ್ಷನ್ ಇದರಾಗ ಇಲ್ರಿ ಸರ್ರ.”

(ನಾನು ಬರೆಯುವ ಕಥೆಯಲ್ಲಿ ನನ್ನ ಮಾತು ಕೇಳುತ್ತಿರುವುದು ಸ್ಟೂಲು ಒಂದೇ.)

ನಾಲ್ಕನೇ ಅಂತ್ಯಕ್ಕೆ ಸಂಖ್ಯೆ ಹಾಕುವುದಿಲ್ಲ

ಪಕ್ಕೀರವ್ವ ಕನ್ನಡಕ ತೆಗೆದು ಮುಬಾಶಿರಾಳನ್ನು ಕೇಳಿದಳು: “ಆಕಿದು ಬ್ಯಾರೆ ನಂಬರ್ ಆದ್ರ, ಆಕಿ ನನಗ ಮಾಲ್ ಕಳಿಸಿದಾಗ?”

“ಆಕಿ ನಿಮಗ ಬಿಲ್ ಹರೀತಾಳ್ರಿ ಅಮ್ಮಾರ. ನೀವು ರೊಕ್ಕಾ ಕೊಡಬೇಕು.”

“ತಿಂಗಳ ಕೊನಿಗೆ?”

“ನಾ ಕೇಳಿದಾಗ,” ಎಂದಳು ಅಮೃತಾ.

ಪಕ್ಕೀರವ್ವ ನಕ್ಕುಬಿಟ್ಟಳು. ಆ ನಗೆಗೆ ಎರಡು ವಿಶೇಷಣ ಹಚ್ಚಿ ನೋಡಿದೆ, ಎರಡೂ ನಿಲ್ಲಲಿಲ್ಲ. “ಗೋಡೌನ್ ಅಂತ ಹಾಕಬ್ಯಾಡ ಯವ್ವಾ,” ಎಂದು ಮುಬಾಶಿರಾಗೆ ಹೇಳಿದಳು. “ಕುಷ್ಟಗಿ ಮುಂದಿನ ಜಾಗಾ ಖಾಲಿ ಬಿಡು.”

“ಖಾಲಿ ಬಿಟ್ರ ಇದು ಮುಂದ ಹೋಗಂಗಿಲ್ರಿ.”

“ಹೋಗದಿದ್ರ ನಿಲ್ಲಲಿ. ನಾವಿನ್ನಾ ಮಾತಾಡಾಕತ್ತೀವಿ.”

ಮಾತು ಸಾಗಿತು: ಕುಷ್ಟಗಿಯಲ್ಲಿರುವ ಮಾಲು ಯಾರದು, ಬಾಡಿಗೆ ಕರಾರು ಯಾರ ಹೆಸರಿಗೆ. ಇಬ್ಬರ ದನಿಯೂ ಏರುತ್ತಿತ್ತು, ಇಬ್ಬರೂ ಸೆರಗು ಸಿಕ್ಕಿಸಿಕೊಂಡಿದ್ದರು, ಇಬ್ಬರಿಗೂ ಖುಷಿಯಾಗುತ್ತಿದ್ದುದು ಬೀದಿಗೇ ಕಾಣುತ್ತಿತ್ತು. ಕಥೆ ಎಲ್ಲಿ ಮುಗಿಸಲಿ ಎಂದು ನಡುವೆ ಬಾಯಿ ಹಾಕಿ ಕೇಳಿದೆ.

“ಮುಗಿಯೂದು ಎರಡ ಥರಾ ಐತ್ರಿ ಸರ್ರ,” ಎಂದಳು ಅಮೃತಾ, ತಾಯಿಯ ಮೇಲಿನ ಕಣ್ಣು ತೆಗೆಯದೆ. “ಆಕಿ ಕೊಡ್ತಾಳ. ಇಲ್ಲಾ, ನಾ ತಗೋತೀನಿ.”