ಚಾದರ ಮಡಿಸಿದ ಕೈ

ಚಾದರದ ಎರಡು ತುದಿ ಅವಳ ಕೈಯಲ್ಲಿ, ಇನ್ನೆರಡು ಉದ್ದಕ್ಕನ ಕೈಯಲ್ಲಿ. ಇಬ್ಬರೂ ಒಮ್ಮೆ ಜಗ್ಗಿ, ಕೊಡವಿ, ಎದುರುಬದುರಾಗಿ ನಡೆದು ಬಂದು ತುದಿಗೆ ತುದಿ ಸೇರಿಸಿದರು. ಕೊನೆಯ ಮಡಿಕೆಗೆ ಮುಂಚೆ ಅವಳು ಎಂದಿನಂತೆ ಬಟ್ಟೆಯ ನಡುವೆ ಅಂಗೈ ಸವರಿದಳು. ರೋಗಿಯ ಬೆನ್ನು ಬೀಳುವ ಜಾಗ ಅದು. ಅಲ್ಲಿ ದಾರದ ಒಂದು ಗಂಟು ಉಳಿದರೂ ಮಗ್ಗುಲು ಬದಲಿಸಲಾಗದವರಿಗೆ ಹುಣ್ಣಾಗುತ್ತದೆ. ಹಾಗೆ ಸವರಬೇಕೆಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ.

"ಸಾಕು ಬಿಡೇ, ಚಾದರಾನೋ ಮಗುವೋ ಅದು?" ಎಂದಳು ಉದ್ದಕ್ಕ. ಎತ್ತರದ ಆಳು, ಹನ್ನೊಂದು ವರ್ಷದಿಂದ ಅವಳ ಜೋಡಿ. "ನೀನೀಗ ದೊಡ್ಡ ಮನುಷ್ಯಳು. ನೋಡಿಲ್ಲಿ."

ಉದ್ದಕ್ಕ ಚಾಚಿದ ಫೋನಿನಲ್ಲಿ ಅವಳದೇ ಮುಖ, ಅವಳ ಪ್ರೊಫೈಲ್‌ನಿಂದ ಯಾರೋ ಎತ್ತಿ ಹಾಕಿದ್ದು. ಕೆಳಗೆ: 'ಚಾದರದ ಆಂಟಿಗೂ ಸಿನಿಮಾದಲ್ಲಿ ಪಾತ್ರ ಕೊಡಿ!' ಅದರ ಕೆಳಗೆ ಕಣ್ಣೀರು ಬರುವಂತೆ ನಗುವ ಹಳದಿ ಮುಖಗಳ ಸಾಲು.

ಮೂರು ದಿನದ ಹಿಂದೆ ಬಸ್ಸಿನಲ್ಲಿ ಕೂತು ಅವಳು ಫೋನಿನಲ್ಲೊಂದು ಫೋಟೋ ನೋಡಿದ್ದಳು. ಕುರ್ಚಿಯ ಮೇಲೆ ಮಡಿಸದ ಬಟ್ಟೆಯ ರಾಶಿ. 'ಸಿನಿಮಾದವರೇ, ನಮ್ಮನ್ನೂ ತೋರಿಸಿ. ಎಲ್ಲಿಯವರೆಗೆ ಈ ಅನ್ಯಾಯ?' ಬಟ್ಟೆ ಮಡಿಸಿ ಸೋತವರೇ ಯಾರೋ ಬರೆದಿದ್ದಾರೆ ಅನ್ನಿಸಿತ್ತು. ಒಂದೊಂದೇ ಅಕ್ಷರ ಹುಡುಕಿ, ಮೂರು ನಿಲ್ದಾಣ ದಾಟುವವರೆಗೆ ಅದರ ಕೆಳಗೆ ಬರೆದಿದ್ದಳು: 'ನಿಜ. ನಾನು ಆಸ್ಪತ್ರೆಯ ಚಾದರ ಮಡಿಸುತ್ತೇನೆ. ಸಿನಿಮಾದಲ್ಲಿ ಆಸ್ಪತ್ರೆ ತೋರಿಸುತ್ತಾರೆ, ಬಿಳಿ ಚಾದರ ತೋರಿಸುತ್ತಾರೆ. ಮಡಿಸಿದ ಕೈ ಒಮ್ಮೆಯೂ ತೋರಿಸಲಿಲ್ಲ. ಹತ್ತೊಂಬತ್ತು ವರ್ಷವಾಯಿತು.'

"ಅದು ತಮಾಷೆಗೆ ಕಣೇ," ಎಂದಳು ಉದ್ದಕ್ಕ. "ಒಬ್ಬ ಒಂಟಿ ಚಪ್ಪಲಿ ಫೋಟೋ ಹಾಕ್ತಾನೆ, ಇನ್ನೊಬ್ಬ ಮುರಿದ ಛತ್ರಿದು ಹಾಕ್ತಾನೆ. ಸಿನಿಮಾದಲ್ಲಿ ನಮ್ಮಂಥೋರಿಗೂ ಪಾತ್ರ ಕೊಡಿ ಅಂತ ನಿಜವಾಗಿ ಕೇಳೋರನ್ನ ಅಣಕಿಸೋ ಆಟ. ನೀನು ಹೋಗಿ ನಿಜ ಹೇಳಿಬಿಟ್ಟೆಯಲ್ಲ!"

"ನೀನೂ ನಕ್ಕೆಯಾ?"

"ನಗು ಬಂತು. ಏನ್ ಮಾಡ್ಲಿ?"

ಸಂಜೆ ಮನೆಯ ಬಾಗಿಲಲ್ಲೇ ಮಗಳು ಕೈಚಾಚಿ ನಿಂತಿದ್ದಳು.

"ಫೋನ್ ಕೊಡಮ್ಮ, ಅಳಿಸ್ತೀನಿ. ಕಾಲೇಜಲ್ಲೆಲ್ಲ ಅದೇ. ನೀನು ನನ್ನಮ್ಮ ಅಂತ ಗೊತ್ತಾದ್ರೆ ನಾನು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ."

"ನಾನು ಬರೆದದ್ದು ಸುಳ್ಳಾ?"

"ಸುಳ್ಳು ಅಂದ್ನಾ? ನಿನ್ನನ್ನ ಯಾರು ಕೇಳಿದ್ರು ಅಂತ."

"ಹೀರೋಯಿನ್ ಬಂದ್ಲಾ?" ಒಳಗಿನಿಂದ ಗಂಡನ ದನಿ. "ಶೂಟಿಂಗ್ ಮುಗಿದಿದ್ರೆ ಒಂದು ಟೀ ಸಿಗತ್ತೇನೋ ಕೇಳು."

ಮಗಳಿಗೆ ನಗು ತಡೆಯಲಾಗಲಿಲ್ಲ. ಮಗಳ ಕೈಗೆ ಅವಳು ಫೋನ್ ಕೊಟ್ಟಳು. ಮೂರು ನಿಲ್ದಾಣದ ಮಾತು ಎರಡು ಸಲ ಬೆರಳು ತಾಗಿಸುವುದರೊಳಗೆ ಹೋಯಿತು.

"ಆ ಫೋಟೋ?"

"ಅದು ಹೋಗಲ್ಲ. ಅದನ್ನ ಹಾಕಿದೋರು ಬೇರೆಯವರು."

ಅವಳು ಬರೆದದ್ದು ಅಳಿಸಿಹೋಯಿತು. ಅವಳ ಮುಖ ಉಳಿಯಿತು. ಟೀಗೆ ನೀರಿಟ್ಟಳು.

ಮರುದಿನ ಬೆಳಿಗ್ಗೆ ಯಂತ್ರದಿಂದ ಬಿಸಿಬಿಸಿ ಚಾದರಗಳು ಬಂದವು. ಜಗ್ಗಿದರು, ಕೊಡವಿದರು, ಹತ್ತಿರ ಬಂದರು. ಕೊನೆಯ ಮಡಿಕೆಗೆ ಮುಂಚೆ ಅವಳ ಅಂಗೈ ತಾನಾಗಿ ಮೇಲೆದ್ದಿತು. ಯಾರದೋ ಬೆನ್ನು ಕಣ್ಣ ಮುಂದೆ ಬಂತು. ಕೈ ಅಲ್ಲೇ ಒಂದು ಕ್ಷಣ ನಿಂತು, ಬಟ್ಟೆ ಮುಟ್ಟದೆ ಹಿಂದೆ ಬಂತು.

ಇನ್ನು ಸವರುವುದಿಲ್ಲ ಅಂದುಕೊಂಡಳು. ಇವತ್ತೂ ಇಲ್ಲ, ನಾಳೆಯೂ ಇಲ್ಲ.

ಮಡಿಸಿದ ಚಾದರವನ್ನು ರಾಶಿಯ ಮೇಲಿಟ್ಟಳು. ನಿನ್ನೆಯದಕ್ಕೂ ಇದಕ್ಕೂ ನೋಡಲು ಏನೂ ವ್ಯತ್ಯಾಸವಿರಲಿಲ್ಲ.

"ಏನೇ, ಇವತ್ತು ಕೈ ಇಷ್ಟು ಚುರುಕು?" ಎಂದಳು ಉದ್ದಕ್ಕ.

"ಏನಿಲ್ಲ. ತುದಿ ಹಿಡಿ."